ಗಾಯವಿಲ್ಲದ ಸಾವು: ಮರ್ಸೆಡ್ ಕಣಿವೆಯ ಕಾಲುಹಾದಿಯಲ್ಲಿ ಕಾಣದೆ ಇದ್ದದ್ದು ಏನು?

ಪ್ರಶ್ನೆ (ಬರೆದವರು: ಸನಿವೇಲ್ ವಾಸಿ)

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯ ವಾರದಲ್ಲಿ ಊರಿನಿಂದ ಅಪ್ಪ, ಅಮ್ಮ ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದಾರೆ. ಅವರಿಗೆ ಯೊಸೆಮಿಟಿ ತೋರಿಸಿ, ಹಾಗೆಯೇ ಅದರ ಪಶ್ಚಿಮದ ಮರ್ಸೆಡ್ ಕಣಿವೆಯಲ್ಲಿ ಒಂದು ದಿನ ನಡೆದು ಬರೋಣವೆಂದು ಹಾದಿಗಳ ಬಗ್ಗೆ ಓದುತ್ತಿದ್ದಾಗ, 2021ರ ಆಗಸ್ಟ್‌ನಲ್ಲಿ ಮರಿಪೋಸಾ ಕೌಂಟಿಯ ಹೈಟ್ಸ್ ಕೋವ್ ಹಾದಿಯಲ್ಲಿ ನಡೆದ ದುರಂತದ ವಿವರ ಕಣ್ಣಿಗೆ ಬಿತ್ತು. ಭಾನುವಾರ ಬೆಳಿಗ್ಗೆ ಹೊರಟ ಗಂಡ, ಹೆಂಡತಿ, ಒಂದು ವರ್ಷದ ಮಗು ಮತ್ತು ಅವರ ನಾಯಿ ಮಂಗಳವಾರ ಶವವಾಗಿ ಸಿಕ್ಕರು. ಯಾರ ಮೈಮೇಲೂ ಗಾಯವಿರಲಿಲ್ಲ. ಹಳೆಯ ಗಣಿಯಿಂದ ಹೊರಬಂದ ವಿಷಾನಿಲ, ನದಿಯ ವಿಷಪಾಚಿ, ಸಿಡಿಲು ಎಂದು ಎರಡು ತಿಂಗಳು ನಾನಾ ಊಹೆಗಳು ಓಡಾಡಿದವು. ಅಕ್ಟೋಬರ್‌ನಲ್ಲಿ ಅಧಿಕಾರಿಗಳು ದೇಹದ ತಾಪ ಮಿತಿಮೀರಿದ್ದು, ಜೊತೆಗೆ ಬಹುಶಃ ನಿರ್ಜಲೀಕರಣ ಎಂದು ಹೇಳಿದರು.

ನಾನು ರಾಯಚೂರಿನವನು. 42 ಡಿಗ್ರಿ ನನಗೆ ಹೊಸದಲ್ಲ, ಆದ್ದರಿಂದ ಬರೀ ಬಿಸಿಲಿಗೆ ಇಬ್ಬರು ಆರೋಗ್ಯವಂತರು, ಮಗು ಮತ್ತು ನಾಯಿ ಒಂದೇ ಮಧ್ಯಾಹ್ನ ಸತ್ತರು ಎಂಬುದನ್ನು ನಂಬುವುದು ಕಷ್ಟವಾಗುತ್ತಿದೆ. ಅಲ್ಲಿ ಬೇರೇನಾದರೂ ಇದೆಯೇ? ಇದ್ದರೆ ನಮ್ಮಂಥ ಸಾಮಾನ್ಯರು ಅದನ್ನು ಗುರುತಿಸುವುದು ಹೇಗೆ?

ಉತ್ತರ 1 (ಫ್ರೆಸ್ನೊ ಕನ್ನಡಿಗ)

ನಾನು ಆ ಕಣಿವೆಯಲ್ಲಿ ಎರಡು ಸಲ ನಡೆದಿದ್ದೇನೆ, ಎರಡೂ ಸಲ ವಸಂತದಲ್ಲಿ. ಆಗ ಗುಡ್ಡದ ಮೈಯೆಲ್ಲ ಕಿತ್ತಳೆ ಬಣ್ಣದ ಪಾಪಿ ಹೂವು, ಕೆಳಗೆ ತುಂಬಿ ಹರಿಯುವ ಹೊಳೆ. ಅದೇ ಜಾಗ ಆಗಸ್ಟ್‌ನಲ್ಲಿ ಬೇರೆಯೇ ಆಗಿರುತ್ತದೆ.

ನಿಮ್ಮ ರಾಯಚೂರಿನ ಹೋಲಿಕೆಯಲ್ಲೇ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮೂರಿನಲ್ಲಿ ಯಾರೂ ಮಗುವನ್ನು ಹೊತ್ತುಕೊಂಡು ಬೋಳುಗುಡ್ಡ ಹತ್ತುವುದಿಲ್ಲ. ಹೊಲಕ್ಕೆ ಹೋದವರು ಕೂಡ ಹನ್ನೊಂದರೊಳಗೆ ಬೇವಿನ ಮರದ ನೆರಳು ಸೇರಿರುತ್ತಾರೆ. ಈ ಹಾದಿಯಲ್ಲಿ ಆದದ್ದು ಇದರ ತಿರುಗುಮುರುಗು. ಆ ಕುಟುಂಬ ಹೊರಟಾಗ ಹಾದಿಯ ಮೇಲ್ತುದಿಯಲ್ಲಿ ಸುಮಾರು 24 ಡಿಗ್ರಿ, ಅಂದರೆ ಹಿತವಾದ ಬೆಳಗು. ಸುಮಾರು 13 ಕಿಲೋಮೀಟರಿನ ಆ ಸುತ್ತು ಮೊದಲು ನದಿಯತ್ತ ಇಳಿಯುತ್ತದೆ, ಆಮೇಲೆ ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿನಲ್ಲಿ, ಸ್ಯಾವೇಜ್ ಲಂಡಿ ಎಂಬ ಹಾದಿಯಲ್ಲಿ ಮೇಲೇರುತ್ತದೆ. ಅಷ್ಟು ಹೊತ್ತಿಗೆ ತಾಪ 43 ಡಿಗ್ರಿಯ ಹತ್ತಿರ. 2018ರ ಫರ್ಗುಸನ್ ಕಾಳ್ಗಿಚ್ಚಿನಲ್ಲಿ ಮರಗಳು ಸುಟ್ಟುಹೋಗಿದ್ದರಿಂದ ನೆರಳೆಂಬುದೇ ಇರಲಿಲ್ಲ, ಮೊಬೈಲ್ ಸಿಗ್ನಲ್ ಕೂಡ ಇಲ್ಲ. ಅವರ ಬಳಿ ಇದ್ದದ್ದು ಎರಡೂವರೆ ಲೀಟರ್ ಹಿಡಿಯುವ ಒಂದು ನೀರಿನ ಚೀಲ. ಸಿಕ್ಕಾಗ ಅದು ಬರಿದಾಗಿತ್ತು.

ನಮ್ಮ ಕಡೆಯ ಬೆಟ್ಟಗಳಿಗೂ ಇಂಥ ಕಣಿವೆಗಳಿಗೂ ಇರುವ ದೊಡ್ಡ ವ್ಯತ್ಯಾಸವನ್ನು ನಾನು ಇಲ್ಲಿಗೆ ಬಂದ ಮೇಲೆಯೇ ಅರ್ಥಮಾಡಿಕೊಂಡೆ. ಮುಳ್ಳಯ್ಯನಗಿರಿಯಲ್ಲೋ ತಡಿಯಂಡಮೋಳಿನಲ್ಲೋ ಮೊದಲು ಹತ್ತುತ್ತೀರಿ, ಸುಸ್ತಾದರೆ ಹಿಂತಿರುಗುವ ದಾರಿಯೆಲ್ಲ ಇಳಿಜಾರು. ಕಣಿವೆಯಲ್ಲಿ ಸುಸ್ತು ಗೊತ್ತಾಗುವ ಹೊತ್ತಿಗೆ ನೀವು ತಳದಲ್ಲಿರುತ್ತೀರಿ, ಮನೆಗೆ ಹೋಗಲು ಇರುವುದೊಂದೇ ದಾರಿ, ಅದೂ ಏರು. ಗ್ರಾಂಡ್ ಕ್ಯಾನಿಯನ್‌ನ ರೇಂಜರುಗಳು ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬೇಡಿ ಎನ್ನುವುದು ಈ ಕಾರಣಕ್ಕೇ.

ಉತ್ತರ 2 (ನಿವೃತ್ತ ಭೂವಿಜ್ಞಾನಿ)

ಮೇಲಿನವರ ಮಾತು ಸರಿ. ಆದರೆ ಅನಿಲದ ಸಂದೇಹವನ್ನು ಹುಚ್ಚು ಕಲ್ಪನೆ ಎಂದು ತಳ್ಳಿಹಾಕಬಾರದು. ಈ ಕಣಿವೆ ಇರುವ ಸಿಯೆರಾ ನೆವಾಡಾ ಪರ್ವತಶ್ರೇಣಿಯ ಪೂರ್ವ ಮಗ್ಗುಲಿನಲ್ಲಿ ಅದು ವಾಸ್ತವ. ಮ್ಯಾಮತ್ ಮೌಂಟನ್ ಎಂಬ ಜ್ವಾಲಾಮುಖಿ ಪರ್ವತದ ಕೆಳಗೆ 1989ರಲ್ಲಿ ತಿಂಗಳುಗಟ್ಟಲೆ ಸಣ್ಣ ಸಣ್ಣ ಭೂಕಂಪನಗಳಾದವು. ಮರುವರ್ಷ ಹಾರ್ಸ್‌ಶೂ ಸರೋವರದ ದಡದಲ್ಲಿ ಮರಗಳು ನಿಂತಲ್ಲೇ ಒಣಗತೊಡಗಿದವು. ಮೊದಲು ಬರಗಾಲವೆಂದೂ ಕೀಟವೆಂದೂ ಭಾವಿಸಿದರು, ಕೊನೆಗೆ ಮಣ್ಣಿನೊಳಗಿನ ಗಾಳಿಯನ್ನು ಅಳೆದಾಗ ಅದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಇತ್ತು. 1990ರ ಮಾರ್ಚ್‌ನಲ್ಲಿ ಅಲ್ಲೇ ಹಿಮ ಮುಚ್ಚಿದ್ದ ಒಂದು ಕ್ಯಾಬಿನ್ ಹೊಕ್ಕ ಅರಣ್ಯ ಸಿಬ್ಬಂದಿಯೊಬ್ಬರು ಉಸಿರುಗಟ್ಟಿ ಅಸ್ವಸ್ಥರಾಗಿದ್ದರು. 2006ರಲ್ಲಿ ಅದೇ ಪರ್ವತದಲ್ಲಿ ಅನಿಲರಂಧ್ರದ ಮೇಲಿನ ಹಿಮ ಕುಸಿದು, ಸ್ಕೀ ಗಸ್ತಿನ ಮೂವರು ತೀರಿಕೊಂಡರು.

ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ವಾಸನೆಯಿಲ್ಲ. ಗುಂಡಿ, ಹಿಮದ ಪೊಳ್ಳು, ಮುಚ್ಚಿದ ಕೋಣೆಗಳಲ್ಲಿ ನೀರಿನಂತೆ ನಿಲ್ಲುತ್ತದೆ. ನಮ್ಮ ಹಿರಿಯರು ಪಾಳುಬಾವಿಗೆ ಇಳಿಯುವ ಮೊದಲು ಉರಿಯುವ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರಲ್ಲ, ದೀಪ ಆರಿದರೆ ಇಳಿಯುತ್ತಿರಲಿಲ್ಲ, ಅದರ ತರ್ಕ ಇದೇ. ಹೈಟ್ಸ್ ಕೋವ್‌ನಲ್ಲೂ ಹತ್ತೊಂಬತ್ತನೆಯ ಶತಮಾನದ ಚಿನ್ನದ ಗಣಿಗಳಿವೆ, ಹಾಗಾಗಿ ತನಿಖೆಯವರಿಗೆ ಅನುಮಾನ ಬಂದದ್ದು ಸಹಜ. ಆದರೆ ದೇಹಗಳು ಸಿಕ್ಕದ್ದು ಗಾಳಿಯಾಡುವ ಬಯಲು ಇಳಿಜಾರಿನ ಹಾದಿಯಲ್ಲಿ, ಗಣಿಯ ಬಾಯಿಯಲ್ಲಲ್ಲ. ಅಂಥಲ್ಲಿ ಯಾವ ಅನಿಲವೂ ಒಟ್ಟಾಗಿ ನಿಲ್ಲುವುದಿಲ್ಲ.

ಪಾಚಿಯ ಮಾತೂ ಪೂರ್ತಿ ಸುಳ್ಳಲ್ಲ. ಅಲ್ಲಿಯ ನದಿನೀರಿನಲ್ಲಿ ಅನಾಟಾಕ್ಸಿನ್-ಎ ಎಂಬ ನರವಿಷ ಪತ್ತೆಯಾಗಿತ್ತು, ಆದರೆ ಅವರು ಆ ನೀರು ಕುಡಿದರೆಂಬುದಕ್ಕೆ ಪುರಾವೆ ಸಿಗಲಿಲ್ಲ. ಬೇಸಿಗೆಯಲ್ಲಿ ಹರಿವು ತಗ್ಗಿದ ಹೊಳೆಗಳ ಕಲ್ಲಿಗೆ ಚಾಪೆಯಂತೆ ಅಂಟಿಕೊಂಡ ಅಥವಾ ದಡಕ್ಕೆ ಬಂದು ಬಿದ್ದ ಪಾಚಿ ಕಂಡರೆ ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಕುದಿಸಿದರೆ ಇಂಥ ವಿಷ ಹೋಗುತ್ತದೆಂದು ನಂಬಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇದನ್ನೆಲ್ಲ ನಿನ್ನೆ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಅಷ್ಟು ಬಿಸಿಲಾಗ ಗುಡ್ಡ ಹತ್ತು ಅಂತ ಯಾರು ಹೇಳ್ಯಾರಪ್ಪ" ಎಂದು ನಕ್ಕರು. ಆದರೂ ಒಂದು ಸಂಶಯ ಉಳಿದಿದೆ. ಕಾರಣ ಇಷ್ಟು ಸರಳವಾಗಿದ್ದರೆ, ಅದನ್ನು ಹೇಳಲು ಎರಡು ತಿಂಗಳು ಏಕೆ ಬೇಕಾಯಿತು? ಇನ್ನೊಂದು ವಿಷಯ, ಅಪ್ಪ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ.

ಉತ್ತರ 3 (ಮೈಸೂರಿನ ವೈದ್ಯೆ)

ತಾಪದಿಂದ ಸತ್ತವರ ದೇಹದಲ್ಲಿ "ಇದೇ ಕಾರಣ" ಎಂದು ಬೆರಳು ಮಾಡಿ ತೋರಿಸುವ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಬದುಕಿದ್ದಾಗ ಥರ್ಮಾಮೀಟರ್ ಇಟ್ಟರೆ 40 ಡಿಗ್ರಿ ದಾಟಿದ್ದು ಕಾಣುತ್ತದೆ. ಎರಡು ದಿನ ಬಿಸಿಲಿನಲ್ಲೇ ಬಿದ್ದಿದ್ದ ದೇಹದ ತಾಪ ಏನನ್ನೂ ಹೇಳುವುದಿಲ್ಲ. ಹೀಗಾಗಿ ಮರಣೋತ್ತರ ಪರೀಕ್ಷೆ ನಡೆಸುವವರು ವಿಷ, ಅನಿಲ, ಮಾದಕವಸ್ತು, ಸಿಡಿಲು, ಹಲ್ಲೆ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಇದಲ್ಲ, ಇದೂ ಅಲ್ಲ ಎಂದು ಬದಿಗಿಟ್ಟು, ಸ್ಥಳದ ಹವಾಮಾನವನ್ನು ಜೊತೆಗಿಟ್ಟು ತೀರ್ಮಾನಕ್ಕೆ ಬರಬೇಕು. ಪ್ರಯೋಗಾಲಯದ ವರದಿಗಳು ಬರಲು ವಾರಗಳು ಹಿಡಿಯುತ್ತವೆ. ವಿಳಂಬದಲ್ಲಿ ನಿಗೂಢತೆಯೇನೂ ಇಲ್ಲ.

ಎಲ್ಲರೂ ಒಟ್ಟಿಗೆ ಹೇಗೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಏರು ಹತ್ತುವಾಗ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ಮಂಗಳೂರಿನಲ್ಲಾದರೆ ಅಂಗಿ ಒದ್ದೆಯಾಗಿ ನಿಮಗೆ ಗೊತ್ತಾಗುತ್ತದೆ. ಅಲ್ಲಿನ ಒಣಗಾಳಿಯಲ್ಲಿ ಬೆವರು ಬಂದಹಾಗೇ ಆರಿ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಪುಟ್ಟ ಮಗುವಿನ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ, ಹೊತ್ತವರ ಬೆನ್ನಿನ ಬಿಸಿಯೂ ಅದಕ್ಕೆ ಸೇರುತ್ತದೆ. ನಾಯಿಗೆ ಮೈ ತಂಪು ಮಾಡಿಕೊಳ್ಳಲು ಏದುಸಿರೇ ಮುಖ್ಯ ದಾರಿ, ಕಾದ ನೆಲ ಅಂಗಾಲನ್ನೂ ಸುಡುತ್ತದೆ. ಇನ್ನು ದೊಡ್ಡವರಲ್ಲಿ ಮೊದಲು ಕೆಡುವುದು ವಿವೇಚನೆ. ತಲೆ ಮಂಕಾಗಿ, ತನಗೆ ಏನೋ ಆಗುತ್ತಿದೆ ಎಂಬುದೇ ತಿಳಿಯದ ಸ್ಥಿತಿ ಬರುತ್ತದೆ. ಜೊತೆಗಿರುವವರಲ್ಲಿ ಒಬ್ಬರು ಕುಸಿದರೆ ಉಳಿದವರು ಅವರನ್ನು ಬಿಟ್ಟು ಹೋಗಲೂ ಆಗದೆ ಬಿಸಿಲಿನಲ್ಲೇ ಉಳಿಯುತ್ತಾರೆ.

ತಂದೆಯವರ ಮಾತ್ರೆ ಮೂತ್ರ ಹೆಚ್ಚಿಸುವ ಬಗೆಯದೇ ಎಂದು ಅವರ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಯಾರಾದರೂ ಬಿಸಿಲಿನಲ್ಲಿ ತಡವರಿಸಿ ಮಾತನಾಡಿದರೆ ಕೂಡಲೇ ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಸಹಾಯಕ್ಕೆ ಕರೆ ಮಾಡುವುದು ಮತ್ತು ತಂಪು ಮಾಡುವುದು ಒಟ್ಟಿಗೇ ನಡೆಯಲಿ, ಒಂದಕ್ಕಾಗಿ ಇನ್ನೊಂದು ಕಾಯಬಾರದು.

ಉತ್ತರ 4 (ಬೆಂಗಳೂರಿನ ಚಾರಣಿಗ)

ವೈದ್ಯರು ಹೇಳಿದ ವಿವೇಚನೆಯ ಮಾತಿಗೆ ನನ್ನದೊಂದು ಅನುಭವ. ಫೆಬ್ರವರಿಯಲ್ಲಿ ಕುಮಾರ ಪರ್ವತಕ್ಕೆ ಹೋಗಿದ್ದೆವು. ಭಟ್ಟರ ಮನೆಯಿಂದ ತಡವಾಗಿ ಹೊರಟು, ಕಲ್ಲು ಮಂಟಪ ದಾಟಿ ಹುಲ್ಲುಗಾವಲಿನ ಏರಿನಲ್ಲಿದ್ದಾಗ ಗೆಳೆಯನೊಬ್ಬ ಬಾಟಲಿಯ ಮುಚ್ಚಳ ತೆಗೆಯಲಾಗದೆ ಅದನ್ನೇ ತಿರುಗಿಸುತ್ತ ಕುಳಿತ. ಮುಚ್ಚಳವನ್ನು ಅವನು ತಿರುಗಿಸುತ್ತಿದ್ದದ್ದು ಬಿಗಿಯಾಗುವ ಕಡೆಗೆ. ಕೇಳಿದರೆ "ನಾನು ಚೆನ್ನಾಗಿದ್ದೇನೆ" ಎಂದು ರೇಗಿದ. ಅವನನ್ನು ಮಂಟಪದ ನೆರಳಿಗೆ ಇಳಿಸಿ, ಟವೆಲ್ ಒದ್ದೆ ಮಾಡಿ ಕತ್ತಿಗೆ ಹಾಕಿ ಒಂದೂವರೆ ಗಂಟೆ ಕೂರಿಸಿದ ಮೇಲೆ ಸರಿಹೋದ. ಆ ಒಂದೂವರೆ ಗಂಟೆ ಅವನಿಗೆ ಇವತ್ತಿಗೂ ನೆನಪಿಲ್ಲ.

ಚಳಿಯಲ್ಲೂ ಇದೇ ಆಗುತ್ತದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಿಂದ ಮರಳುವಾಗ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಬೆಂಗಳೂರಿನಲ್ಲಿ ಮುಂಗಾರು ಶುರುವಾಗುವ ತಿಂಗಳಿನಲ್ಲಿ ಮೈ ಹೆಪ್ಪುಗಟ್ಟಿ ಸಾಯಬಹುದೆಂದು ನಮ್ಮಲ್ಲಿ ಎಷ್ಟು ಜನ ಅಂದುಕೊಂಡಿರುತ್ತೇವೆ?

ಪ್ರಶ್ನೆ ಕೇಳಿದವರು

ಕಣಿವೆಯ ನಡಿಗೆಯನ್ನು ಕೈಬಿಟ್ಟಿದ್ದೇವೆ. ಅದರ ಬದಲು ಯೊಸೆಮಿಟಿಯ ಎತ್ತರದಲ್ಲಿರುವ, ಸುಮಾರು 2,600 ಮೀಟರ್ ಮೇಲಿನ ಟುವಾಲಮಿ ಮೆಡೋಸ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಸಮತಟ್ಟಾದ ಹಾದಿ ಹಿಡಿದು, ಹತ್ತೂವರೆಗೆ ಕಾರಿಗೆ ಮರಳುವುದೆಂದು ಗೊತ್ತುಮಾಡಿದ್ದೇವೆ. ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಬರುವುದುಂಟು ಎಂದು ಓದಿದೆ, ಅದಕ್ಕೂ ಈ ಸಮಯವೇ ಅನುಕೂಲ. ಮಾತ್ರೆಯ ಹೆಸರನ್ನು ಅಪ್ಪ ಕಳಿಸಿದ್ದಾರೆ, ನಾಳೆ ಅವರ ವೈದ್ಯರಿಗೆ ಕರೆ ಮಾಡುತ್ತೇನೆ. ಫ್ರೆಸ್ನೊದವರೇ, ಪಾಪಿ ಹೂವಿನ ಕಾಲ ಸರಿಯಾಗಿ ಯಾವ ವಾರವೆಂದು ಬಿಡುವಾದಾಗ ತಿಳಿಸಿ.