ಬಣ್ಣದ ವೇಷದ ಕೆಂಪು ಲೈಟ್‌ರೂಮಿನಲ್ಲಿ ಕಿತ್ತಳೆಯಾಗುತ್ತಿದೆ, ಮುದ್ರಣದಲ್ಲಿ ಮಂಕಾಗುತ್ತಿದೆ: ಪರಿಹಾರ ಬೇಕಾಗಿದೆ

ಮಧುವಾಹಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಬದಿಯಡ್ಕದ ಸಮೀಪದ ಒಂದು ಮನೆಯ ಗದ್ದೆಯಲ್ಲಿ ನಡೆದ ಸೇವೆಯಾಟಕ್ಕೆ ಹೋಗಿ, ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವೊಂದರ (ಮುಖಕ್ಕೆ ದಟ್ಟ ಬಣ್ಣ ಬಳಿದ ರಾಕ್ಷಸ ವೇಷ) ಸುಮಾರು ಇನ್ನೂರು ಚಿತ್ರಗಳನ್ನು ತೆಗೆದಿದ್ದೇನೆ. ಆ ವೇಷಧಾರಿಗೆ ಊರವರು ಸನ್ಮಾನ ಏರ್ಪಡಿಸಿದ್ದು, ಅಂದು ಅವರ ಕೈಗೆ ಕೊಡುವುದಕ್ಕಾಗಿ ಐದು ಚಿತ್ರಗಳನ್ನು 12×18 ಇಂಚಿನಲ್ಲಿ ಮುದ್ರಿಸಿ ಚೌಕಟ್ಟು ಹಾಕಿಸುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ.

ತೊಂದರೆ ಏನೆಂದರೆ, ಮುಖದ ಕೆಂಪು ಮತ್ತು ದಗಲೆಯ (ಮೇಲಂಗಿಯ) ಕೆಂಪು ಎರಡೂ ಒಂದೇ ಮುದ್ದೆಯಾಗಿ ಕಾಣುತ್ತಿವೆ. ಕೆನ್ನೆಯ ಉಬ್ಬು, ಬಟ್ಟೆಯ ನೆರಿಗೆ, ಬೆವರಿಗೆ ಬಣ್ಣ ಸ್ವಲ್ಪ ಕರಗಿದ ಜಾಗ ಯಾವುದೂ ಇಲ್ಲ. ಬೆಳಕು ಹೆಚ್ಚು ಬಿದ್ದ ಕಡೆಯಲ್ಲಂತೂ ಕೆಂಪು ಹೋಗಿ ಕಿತ್ತಳೆಯೇ ಆಗಿದೆ. ರಂಗಸ್ಥಳದಲ್ಲಿ ಕ್ಯಾಮೆರಾದ ಪರದೆಯ ಮೇಲೆ ಇವೇ ಚಿತ್ರಗಳು ಚೆನ್ನಾಗಿ ಕಂಡಿದ್ದವು. ಇನ್ನೊಂದು ವಿಚಿತ್ರವೆಂದರೆ, ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನಲ್ಲಿ ಉರಿಯುವಂತೆ ಕಾಣುವ ಅದೇ ಕೆಂಪು, ಕಡತವನ್ನು ಹೊರತೆಗೆದು ಪೇಟೆಯ ಲ್ಯಾಬಿಗೆ ಕೊಟ್ಟು ಮಾಡಿಸಿದ ಮಾದರಿ ಮುದ್ರಣದಲ್ಲಿ ಮಾಸಿದ ಇಟ್ಟಿಗೆಯ ಹಾಗೆ ಬಂದಿದೆ.

ವಿವರಗಳು ಹೀಗಿವೆ. 24 ಮೆಗಾಪಿಕ್ಸೆಲಿನ ಕ್ಯಾಮೆರಾ, 14 ಬಿಟ್ ರಾ ಕಡತ (ಸೆನ್ಸಾರಿನಿಂದ ಬಂದ ಕಚ್ಚಾ ಕಡತ), ಶಟರ್ 1/250, ಎಫ್ 2.8, ಐಎಸ್‌ಒ 3200. ರಂಗಸ್ಥಳದಲ್ಲಿ ಎರಡು ದೊಡ್ಡ ಹ್ಯಾಲೊಜೆನ್ ದೀಪಗಳಿದ್ದವು, ಬದಿಯಲ್ಲಿ ಬಣ್ಣ ಬದಲಾಯಿಸುವ ಎಲ್ಇಡಿ ದೀಪಗಳೂ ಇದ್ದವು. ದೊಂದಿ ಬೆಳಕಿನ ಕಾವು ಬರಲಿ ಎಂದು ಲೈಟ್‌ರೂಮಿನಲ್ಲಿ ವೈಟ್ ಬ್ಯಾಲೆನ್ಸನ್ನು ಡೇಲೈಟ್, ಅಂದರೆ 5500ಕ್ಕೆ ಇಟ್ಟು, ಬಣ್ಣದ ಗಾಢತೆ ಏರಿಸುವ ವೈಬ್ರೆನ್ಸನ್ನು 25 ಹೆಚ್ಚಿಸಿದ್ದೇನೆ. ಹೊರತೆಗೆದದ್ದು ಅಡೋಬಿ ಆರ್‌ಜಿಬಿ ಜೆಪೆಗ್ ಆಗಿ. ಮುದ್ರಣಕ್ಕೆ ಅದೇ ಒಳ್ಳೆಯದೆಂದು ಯಾವುದೋ ವೀಡಿಯೊದಲ್ಲಿ ಕೇಳಿದ್ದೆ.

ಉಪ್ಪಳ ಕಡಲು

ಯಕ್ಷಗಾನದ ಚಿತ್ರಗಳಲ್ಲಿ ನನಗೂ ಹೀಗೆ ಆಗುವುದುಂಟು. ಸ್ಯಾಚುರೇಶನ್ನನ್ನು ಇಪ್ಪತ್ತರಷ್ಟು ಇಳಿಸಿ ನೋಡಿ, ಹೆಚ್ಚಾಗಿ ಅದರಲ್ಲಿಯೇ ಸರಿಯಾಗುತ್ತದೆ.

ಮಧುವಾಹಿನಿ

ಇಳಿಸಿ ನೋಡಿದೆ ಅಣ್ಣ. ಅರದಾಳದ ಹಳದಿ, ಹಿಂದಿನ ಪರದೆಯ ಹಸಿರು, ಎಲ್ಲವೂ ಸೊರಗಿದವು. ಕೆಂಪು ಮಾತ್ರ ಮೊದಲು ದಟ್ಟ ಮುದ್ದೆಯಾಗಿದ್ದದ್ದು ಈಗ ತೆಳು ಮುದ್ದೆಯಾಯಿತು, ಅಷ್ಟೆ.

ಕುಂಬಳೆ ಮಾಷ್ಟ್ರು

ನಿಮ್ಮ ಪ್ರಶ್ನೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು ಸೇರಿಕೊಂಡಿವೆ. ಕಿತ್ತಳೆಯಾಗುವುದಕ್ಕೆ ಕಾರಣ ಬೇರೆ, ಮುದ್ರಣದಲ್ಲಿ ಮಂಕಾಗುವುದಕ್ಕೆ ಕಾರಣ ಬೇರೆ. ಎರಡನ್ನೂ ಒಂದೇ ಸ್ಲೈಡರಿನಿಂದ ಸರಿಪಡಿಸಲು ಹೊರಟರೆ ಈಗ ಆದಂತೆಯೇ ಆಗುತ್ತದೆ.

ಮೊದಲನೆಯದನ್ನು ನೋಡೋಣ. ಚಿತ್ರದ ಪ್ರತಿ ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳಿರುತ್ತವೆ ಮತ್ತು ಪ್ರತಿಯೊಂದಕ್ಕೂ ಒಂದು ಛಾವಣಿ ಇರುತ್ತದೆ. ಇಂಗಳೀಕದಂತಹ ಗಾಢ ಕೆಂಪಿನಲ್ಲಿ ಕೆಂಪಿನ ಅಳತೆ ಬೇಗನೆ ಛಾವಣಿಗೆ ತಲೆ ತಾಗಿಸಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಬೆಳಕು ಹೆಚ್ಚಿದಷ್ಟೂ ಹಸಿರಿನ ಅಳತೆ ಮಾತ್ರ ಮೇಲೇರುತ್ತದೆ. ನಿಂತ ಕೆಂಪಿಗೆ ಏರುವ ಹಸಿರು ಸೇರಿದರೆ ಕಿತ್ತಳೆಯಲ್ಲದೆ ಬೇರೇನೂ ಬರುವಂತಿಲ್ಲ. ನೆರಿಗೆ ಕಾಣದಿರುವುದಕ್ಕೂ ಇದೇ ಕಾರಣ, ನೆರಿಗೆಯ ಉಬ್ಬಿನಲ್ಲಿಯೂ ತಗ್ಗಿನಲ್ಲಿಯೂ ಕೆಂಪು ಒಂದೇ ಅಳತೆಯಲ್ಲಿದೆ.

ಇದನ್ನು ನೀವೇ ಪರೀಕ್ಷಿಸಬಹುದು. ಡೆವಲಪ್ ವಿಭಾಗದಲ್ಲಿ ಕರ್ಸರನ್ನು ವೇಷದ ಎಡ ಕೆನ್ನೆಯ ಮೇಲೆ ನಿಧಾನವಾಗಿ ಓಡಿಸುತ್ತ, ಹಿಸ್ಟೋಗ್ರಾಮಿನ (ಬೆಳಕಿನ ಹಂಚಿಕೆಯ ನಕ್ಷೆಯ) ಕೆಳಗೆ ಬರುವ ಮೂರು ಶೇಕಡಾವಾರು ಸಂಖ್ಯೆಗಳನ್ನು ಗಮನಿಸಿ. ಕೆಂಪಿನ ಸಂಖ್ಯೆ 99ರ ಆಸುಪಾಸಿನಲ್ಲಿ ಅಲುಗದೆ ನಿಂತು, ಹಸಿರಿನದು ಮಾತ್ರ ಬದಲಾಗುತ್ತಿದ್ದರೆ ನಾನು ಹೇಳಿದ್ದು ಸರಿ.

ಆದರೆ ಛಾವಣಿ ತಾಗಿದ್ದು ಎಲ್ಲಿ ಎಂಬುದು ಮುಖ್ಯ. ಕ್ಯಾಮೆರಾದಲ್ಲಿಯೇ ತಾಗಿದ್ದರೆ ಹೋದದ್ದು ಹೋಯಿತು. ಸಂಪಾದನೆಯಲ್ಲಿ ತಾಗಿದ್ದರೆ ರಾ ಕಡತದಲ್ಲಿ ಎಲ್ಲವೂ ಇನ್ನೂ ಇದೆ. ನಿಮ್ಮದು ಎರಡನೆಯದೆಂದು ನನಗೆ ಅನ್ನಿಸುವುದು ನೀವು ಬಾಯಿಮಾತಿಗೆಂಬಂತೆ ಹೇಳಿದ ಆ 5500ರಿಂದಾಗಿ. ವೈಟ್ ಬ್ಯಾಲೆನ್ಸ್ ಎಂದರೆ ಕೆಂಪು ಮತ್ತು ನೀಲಿಯ ಅಳತೆಗಳನ್ನು ಇಂತಿಷ್ಟು ಪಟ್ಟು ಗುಣಿಸುವ ಲೆಕ್ಕವೇ ಹೊರತು ಬೇರೆ ಮಾಯೆಯಲ್ಲ. ಹಗಲು ಬೆಳಕಿನ ಸಂಖ್ಯೆ ಕೊಟ್ಟರೆ ತಂತ್ರಾಂಶವು ಕೆಂಪನ್ನು, ಹೆಚ್ಚಿನ ಕ್ಯಾಮೆರಾಗಳಲ್ಲಿ, ಎರಡು ಪಟ್ಟಿನ ಹತ್ತಿರ ಗುಣಿಸುತ್ತದೆ. ಹ್ಯಾಲೊಜೆನ್ ಬೆಳಕಿನ ಸಂಖ್ಯೆ ಕೊಟ್ಟರೆ ಅದಕ್ಕಿಂತ ಬಹಳ ಕಡಿಮೆ. ಹ್ಯಾಲೊಜೆನ್ ದೀಪದ ಬೆಳಕು 3200 ಕೆಲ್ವಿನ್ ಆಸುಪಾಸಿನದು, ಅದರಲ್ಲಿ ಕೆಂಪು ಮೊದಲೇ ಧಾರಾಳವಾಗಿದೆ. ಅಂತಹ ಬೆಳಕಿನಲ್ಲಿ, ಕೆಂಪು ಬಣ್ಣ ಬಳಿದ ಮುಖವನ್ನು, ಮತ್ತೆ ಎರಡು ಪಟ್ಟು ಗುಣಿಸಿ, ಅದರ ಮೇಲೆ ವೈಬ್ರೆನ್ಸನ್ನೂ ಸುರಿದಿದ್ದೀರಿ. ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಅದು ಆಟೋ ವೈಟ್ ಬ್ಯಾಲೆನ್ಸಿನ ಜೆಪೆಗ್ ನೋಟವನ್ನು ತೋರಿಸುತ್ತಿದ್ದುದರಿಂದ.

ಆದ್ದರಿಂದ ಮೊದಲು ಎಲ್ಲ ಸ್ಲೈಡರುಗಳನ್ನು ಸೊನ್ನೆಗೆ ತನ್ನಿ. ಟೆಂಪರೇಚರನ್ನು 3300ರ ಹತ್ತಿರಕ್ಕೆ ಇಳಿಸಿ. ಪ್ರೊಫೈಲ್ (ಲೈಟ್‌ರೂಮ್ ಚಿತ್ರಕ್ಕೆ ಕೊಡುವ ಮೂಲ ಬಣ್ಣದ ನೋಟ) ಅಡೋಬಿ ಕಲರ್ ಇದ್ದರೆ ಅಡೋಬಿ ನ್ಯೂಟ್ರಲ್‌ಗೆ ಬದಲಾಯಿಸಿ, ಯಾಕೆಂದರೆ ಮೊದಲನೆಯದು ಬೆಚ್ಚನೆಯ ಬಣ್ಣಗಳನ್ನು ತಾನಾಗಿಯೇ ಸ್ವಲ್ಪ ಎತ್ತಿ ಕಟ್ಟುತ್ತದೆ. ಇಷ್ಟಕ್ಕೇ ನೆರಿಗೆಗಳು ಎದ್ದು ಬರಬೇಕು. ಆಮೇಲೆ ಬಣ್ಣವಾರು ವಿಭಾಗದಲ್ಲಿ ಕೆಂಪಿನ ಲುಮಿನನ್ಸನ್ನು ಹತ್ತೋ ಹದಿನೈದೋ ಇಳಿಸಿದರೆ ಕೆಂಪು ಆಳವಾಗುತ್ತದೆ. ಕೆಂಪು ಸಾಲದು ಎಂದು ಕಂಡಾಗ ಕೈ ಸ್ಯಾಚುರೇಶನ್ ಏರಿಸಲು ಹೋಗುವುದು ಸಹಜ, ಆದರೆ ಕೆಂಪು ಕೆಂಪಾಗಿ ಕಾಣುವುದು ಅದು ಸ್ವಲ್ಪ ಕಪ್ಪಾದಾಗ. ದೊಂದಿಯ ಕಾವು ಬೇಕೇ ಬೇಕೆಂದಿದ್ದರೆ, ಕೊನೆಯಲ್ಲಿ ಮಾಸ್ಕ್ ಹಾಕಿ ಹಿನ್ನೆಲೆಗೆ ಮಾತ್ರ ಬೆಚ್ಚಗಿನ ಛಾಯೆ ಕೊಡಿ.

ಇನ್ನು ಎರಡನೆಯ ತೊಂದರೆ. ಅಡೋಬಿ ಆರ್‌ಜಿಬಿ ವಿಶಾಲವಾದ ಬಣ್ಣದ ವ್ಯಾಪ್ತಿ ಹೌದು, ಆದರೆ ಅದರ ಸಂಖ್ಯೆಗಳನ್ನು ಓದಲು ಎದುರಿನವರಿಗೂ ಅದೇ ಕೈಪಿಡಿ ಬೇಕು. ಲ್ಯಾಬಿನ ಯಂತ್ರವು ಕಡತದೊಳಗಿನ ಪ್ರೊಫೈಲನ್ನು, ಅಂದರೆ ಅದು ಯಾವ ಬಣ್ಣದ ವ್ಯಾಪ್ತಿಯದೆಂಬ ಗುರುತನ್ನು, ಓದದೆ ಎಲ್ಲವನ್ನೂ ಎಸ್‌ಆರ್‌ಜಿಬಿ ಎಂದೇ ತಿಳಿದರೆ, ಬಣ್ಣಗಳು ಸೊರಗಿ ಇಟ್ಟಿಗೆಯಂತಾಗುತ್ತವೆ. ಎಸ್‌ಆರ್‌ಜಿಬಿ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು, ವ್ಯಾಪ್ತಿ ಚಿಕ್ಕದಾದರೂ ಎಲ್ಲ ಕಡೆ ನಡೆಯುವ ನಾಣ್ಯ. ಲ್ಯಾಬಿನವರು ಬೇರೆ ಪ್ರೊಫೈಲ್ ಕೊಡದಿದ್ದರೆ ಎಸ್‌ಆರ್‌ಜಿಬಿಯಲ್ಲಿಯೇ ಕೊಡಿ. ಕೊಡುವ ಮೊದಲು ಎಸ್ ಕೀಲಿ ಒತ್ತಿ ಸಾಫ್ಟ್ ಪ್ರೂಫಿಂಗ್ (ಹೊರತೆಗೆದ ಮೇಲಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ವ್ಯವಸ್ಥೆ) ತೆರೆದು, ಎಸ್‌ಆರ್‌ಜಿಬಿಯಲ್ಲಿ ಯಾವ ಭಾಗ ಹಿಡಿಸುವುದಿಲ್ಲವೆಂದು ನೋಡಿಕೊಳ್ಳಿ. ಹಿಡಿಸದ ಜಾಗವನ್ನು ಲೈಟ್‌ರೂಮ್ ಕೆಂಪು ಬಣ್ಣ ಬಳಿದು ತೋರಿಸುತ್ತದೆ. ಕೆಂಪು ವೇಷದ ಮೇಲೆ ಕೆಂಪು ಎಚ್ಚರಿಕೆ! ನಾನು ಒಮ್ಮೆ ಅರ್ಧ ಗಂಟೆ ಎಚ್ಚರಿಕೆಯನ್ನೇ ದಗಲೆಯೆಂದು ತಿಳಿದು ಕುಳಿತಿದ್ದೆ. ಆಗ ಎಚ್ಚರಿಕೆಯನ್ನು ಹಾಕಿ ತೆಗೆದು ಹಾಕಿ ತೆಗೆದು ನೋಡುವುದೊಂದೇ ದಾರಿ.

ಅಳತೆಯ ಬಗ್ಗೆ ಚಿಂತೆ ಬೇಡ. 6000×4000 ಬಿಂದುಗಳ ಚಿತ್ರ 18 ಇಂಚಿಗೆ ಹರಡಿದರೆ ಇಂಚಿಗೆ 333 ಬಿಂದುಗಳು ಸಿಗುತ್ತವೆ, ಅಷ್ಟು ಧಾರಾಳ ಸಾಕು.

ಮಧುವಾಹಿನಿ

ಮಾಷ್ಟ್ರೇ, ನಮಸ್ಕಾರ. ಕೆನ್ನೆಯ ಮೇಲೆ ಕರ್ಸರ್ ಓಡಿಸಿದೆ. ಕಿವಿಯ ಹತ್ತಿರದಿಂದ ಮೂಗಿನ ತನಕ ಕೆಂಪು 99.6ರಿಂದ ಕದಲಲಿಲ್ಲ, ಹಸಿರು ಮಾತ್ರ 22ರಿಂದ 47ಕ್ಕೆ ಏರಿತು. ಟೆಂಪರೇಚರನ್ನು 3300ಕ್ಕೆ ತಂದು ಪ್ರೊಫೈಲ್ ಬದಲಾಯಿಸಿದ ಮೇಲೆ ಅದೇ ಜಾಗದಲ್ಲಿ ಕೆಂಪು 71ರಿಂದ 90ರ ನಡುವೆ ಆಡುತ್ತಿದೆ. ದಗಲೆಯ ಹೊಲಿಗೆಯ ದಾರ ಸಹ ಕಾಣುತ್ತಿದೆ! ಗಲ್ಲದ ಬಳಿ ಬೆವರಿನ ಒಂದು ಗೆರೆ ಬಣ್ಣವನ್ನು ಸೀಳಿಕೊಂಡು ಇಳಿದದ್ದನ್ನು ನಾನು ತೆಗೆಯುವಾಗಲೂ ನೋಡಿರಲಿಲ್ಲ.

ಐದರಲ್ಲಿ ಮೂರು ಚಿತ್ರಗಳು ಹೀಗೆ ಸರಿಹೋದವು. ನಾಲ್ಕನೆಯದರಲ್ಲಿ ಕೆಂಪು ಸರಿಯಾಯಿತು, ಆದರೆ ಮುಖದ ಚುಟ್ಟಿಯ (ಹಿಟ್ಟಿನಿಂದ ಇಟ್ಟ ಅಲಂಕಾರದ) ಬಿಳಿ ಮುಳ್ಳುಗಳು ಒಂದಕ್ಕೊಂದು ಅಂಟಿಕೊಂಡಂತಿವೆ, ಅಡ್ಡಕ್ಕೆ ಒಂದೆರಡು ಮಬ್ಬು ಪಟ್ಟಿಗಳೂ ಇವೆ. ಐದನೆಯದು ತೆರೆ ಕುಣಿತದ (ತೆರೆ ಹಿಡಿದು ವೇಷ ಪ್ರವೇಶಿಸುವಾಗಿನ ಕುಣಿತದ) ಚಿತ್ರ, ಎಲ್ಇಡಿ ದೀಪ ಪೂರ್ತಿ ಕೆಂಪಾದ ಕ್ಷಣದಲ್ಲಿ ತೆಗೆದದ್ದು. ಅದಕ್ಕೆ ಏನು ಮಾಡಿದರೂ ಆಗುತ್ತಿಲ್ಲ.

ಮುಳ್ಳೇರಿಯ ಗುಡ್ಡೆ

ಐದನೆಯದನ್ನು ಡಾರ್ಕ್‌ಟೇಬಲಿನಲ್ಲಿ ತೆರೆದು ನೋಡಿ. ಅದು ಉಚಿತ ತಂತ್ರಾಂಶ, ನಾನು ಕೆಲವು ವರ್ಷಗಳಿಂದ ಅದನ್ನೇ ಬಳಸುತ್ತಿದ್ದೇನೆ. ಸಂಪಾದನೆಗೆ ಬಳಸದಿದ್ದರೂ ರೋಗ ಪತ್ತೆಗೆ ಬಹಳ ಉಪಯೋಗವಿದೆ, ಏಕೆಂದರೆ ಸೆನ್ಸಾರಿನಲ್ಲಿಯೇ ಯಾವ ಬಣ್ಣ ಛಾವಣಿ ತಾಗಿದೆ ಎಂಬುದನ್ನು ತೋರಿಸುವ ಒಂದು ಸೂಚಕ ಅದರಲ್ಲಿದೆ. ವೈಟ್ ಬ್ಯಾಲೆನ್ಸ್ ಮುಂತಾದ ಲೆಕ್ಕಗಳಿಗೆ ಮೊದಲಿನ ಸ್ಥಿತಿಯನ್ನು ಅದು ಹೇಳುತ್ತದೆ.

ಮಧುವಾಹಿನಿ

ನೋಡಿದೆ. ದಗಲೆಯ ಮುಕ್ಕಾಲು ಭಾಗ ಮತ್ತು ಹಣೆ ಪೂರ್ತಿ ಸೆನ್ಸಾರಿನಲ್ಲಿಯೇ ಹೋಗಿದೆ. ಹಸಿರು, ನೀಲಿಗಳಲ್ಲಿ ಬರಿಯ ನಾಯ್ಸ್ ಇದೆ.

ಉಪ್ಪಳ ಕಡಲು

ಹಾಗಿದ್ದರೆ ಫೋಟೋಶಾಪಿನ ಜನರೇಟಿವ್ ಫಿಲ್ ಬಳಸಬಹುದಲ್ಲವೆ? ಹಣೆಯ ಭಾಗವನ್ನು ಆಯ್ದುಕೊಂಡರೆ ಬಣ್ಣ, ಚುಟ್ಟಿ ಎಲ್ಲವನ್ನೂ ಅದೇ ಬರೆದುಕೊಡುತ್ತದೆ. ಗೋಡೆಗೆ ತೂಗುಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಕುಂಬಳೆ ಮಾಷ್ಟ್ರು

ಒಬ್ಬರಿಗೆ ಗೊತ್ತಾಗುತ್ತದೆ, ಚಿತ್ರವನ್ನು ಕೊಡಲು ಹೊರಟಿರುವುದೂ ಅವರಿಗೇ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ, ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಕನ್ನಡಿ ಹಿಡಿದು ಕುಳಿತು, ಗಂಟೆಗಟ್ಟಲೆ ಒಂದೊಂದೇ ಮುಳ್ಳಾಗಿ ಚುಟ್ಟಿ ಇಟ್ಟವರು ತಮ್ಮ ಹಣೆಯ ಮೇಲೆ ತಾವು ಇಡದ ಸಾಲನ್ನು ಗುರುತಿಸದೆ ಇರಲಾರರು. ಸಂಪಾದನೆಗೆ ನಾನು ವಿರೋಧಿಯಲ್ಲ. ಫಿಲ್ಮಿನ ಕಾಲದಲ್ಲಿ ಎನ್‌ಲಾರ್ಜರಿನ ಕೆಳಗೆ, ತಂತಿಗೆ ಸಿಕ್ಕಿಸಿದ ರಟ್ಟಿನ ತುಂಡನ್ನು ಆಡಿಸುತ್ತ ಮುಖಕ್ಕೆ ನೆರಳು ಹಿಡಿದು, ಆಕಾಶಕ್ಕೆ ಹೆಚ್ಚು ಬೆಳಕು ಕೊಟ್ಟು ನಾವೂ ಚಿತ್ರವನ್ನು ತಿದ್ದಿದವರೇ. ಆದರೆ ಅಲ್ಲಿ ಇದ್ದದ್ದನ್ನು ಎತ್ತಿ ತೋರಿಸುವುದಕ್ಕೂ ಇಲ್ಲದ್ದನ್ನು ಬರೆಯುವುದಕ್ಕೂ, ವೇಷದ ಮಟ್ಟಿಗಂತೂ, ನಾನು ಗೆರೆ ಎಳೆಯುತ್ತೇನೆ. ಮದುವೆಯ ಚಿತ್ರದಲ್ಲಿ ಹಿಂದಿನ ಪ್ಲಾಸ್ಟಿಕ್ ಕುರ್ಚಿಯನ್ನು ಅಳಿಸಿದರೆ ನನ್ನ ತಕರಾರಿಲ್ಲ.

ಐದನೆಯ ಚಿತ್ರಕ್ಕೆ ಬದಲಾಗಿ ಬೇರೆ ಚಿತ್ರ ಹುಡುಕಿ. ಇನ್ನೂರರಲ್ಲಿ ಒಂದಾದರೂ ಸಿಗುತ್ತದೆ. ಪೂರ್ತಿ ಕೆಂಪು ಎಲ್ಇಡಿಯ ಕೆಳಗೆ ಸೆನ್ಸಾರಿನ ನಾಲ್ಕು ಕಣಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ. ಹಸಿರಿನ ಎರಡಕ್ಕೂ ನೀಲಿಯ ಒಂದಕ್ಕೂ ಬೆಳಕೇ ಇಲ್ಲ. ಆ ಒಂದೂ ತುಂಬಿ ಹರಿದ ಮೇಲೆ ಯಾವ ತಂತ್ರಾಂಶಕ್ಕೂ ಹಿಡಿಯಲು ಏನೂ ಉಳಿದಿರುವುದಿಲ್ಲ.

ನಾಲ್ಕನೆಯದು ಉಳಿಯುತ್ತದೆ. ಮುಖದ ಮೇಲೆ ಬ್ರಷ್ ಮಾಸ್ಕ್ ಹಾಕಿ, ಅದರಲ್ಲಿ ಲುಮಿನನ್ಸ್ ರೇಂಜ್ ಬಳಸಿ ಬಿಳಿಯನ್ನು ಮಾತ್ರ ಆಯ್ದುಕೊಳ್ಳಿ. ಹೈಲೈಟ್ಸ್ ನಲವತ್ತರಷ್ಟು ಇಳಿಸಿ, ಟೆಕ್ಸ್ಚರ್ ಸ್ವಲ್ಪವೇ ಏರಿಸಿ. ಕ್ಲಾರಿಟಿಯನ್ನು ಮುಟ್ಟಬೇಡಿ, ಮುಳ್ಳುಗಳ ಸುತ್ತ ಕಪ್ಪು ಅಂಚು ಕಟ್ಟಿ ಮುಖಕ್ಕೆ ಮಸಿ ಮೆತ್ತಿದಂತೆ ಕಾಣುತ್ತದೆ. ಅಡ್ಡ ಪಟ್ಟಿಗಳು ದೀಪಗಳ ಮಿನುಗಿನಿಂದ ಬಂದವು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ನಿಮ್ಮ 1/250ರ ಶಟರ್ ಆ ಏರಿಳಿತದ ನಡುವೆ ಸಿಕ್ಕಿಕೊಂಡಿದೆ. ಈಗ ಇರುವ ಪಟ್ಟಿಗಳಿಗೆ ಲೀನಿಯರ್ ಗ್ರೇಡಿಯೆಂಟ್ ಮಾಸ್ಕುಗಳಿಂದ ಎಕ್ಸ್‌ಪೋಶರನ್ನು ಸ್ವಲ್ಪ ಸರಿದೂಗಿಸಿ.

ಮಧುವಾಹಿನಿ

ಎಸ್‌ಆರ್‌ಜಿಬಿಯಲ್ಲಿ ಹೊರತೆಗೆದು ಅದೇ ಲ್ಯಾಬಿನಲ್ಲಿ ಮತ್ತೆ ಮಾದರಿ ಮಾಡಿಸಿದೆ. ಇಟ್ಟಿಗೆ ಹೋಗಿ ಕೆಂಪು ಬಂದಿದೆ. ಪರದೆಗಿಂತ ಸ್ವಲ್ಪ ಕಪ್ಪಾಗಿದೆ ಎನ್ನಿಸಿತು, ಆಮೇಲೆ ನೋಡಿದರೆ ನನ್ನ ಮಾನಿಟರಿನ ಬ್ರೈಟ್‌ನೆಸ್ ನೂರಕ್ಕೆ ನೂರು ಇತ್ತು. ಅದನ್ನು ಅರ್ಧಕ್ಕಿಳಿಸಿ ಚಿತ್ರಗಳನ್ನು ಮೂರನೇ ಒಂದು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಿದೆ. ಐದನೆಯದಕ್ಕೆ ಬದಲಾಗಿ ಚೌಕಿಯಲ್ಲಿ ಕಿರೀಟ ಕಟ್ಟಿಸಿಕೊಳ್ಳುವ ಚಿತ್ರವೊಂದು ಸಿಕ್ಕಿದೆ.

ಒಂದು ಸಂಶಯ ಉಳಿದಿದೆ. ಪತ್ತನಾಜೆಗೆ (ಮೇಳಗಳ ತಿರುಗಾಟ ಮುಗಿಯುವ ದಿನಕ್ಕೆ) ಮೊದಲು ಇದೇ ಮೇಳದ ಇನ್ನೊಂದು ಆಟ ನಮ್ಮ ಕಡೆ ಇದೆ. ಅಂದು ತೆಗೆಯುವಾಗಲೇ ಏನು ಮಾಡಬೇಕು?

ಕುಂಬಳೆ ಮಾಷ್ಟ್ರು

ಕ್ಯಾಮೆರಾದಲ್ಲಿ ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆಬೇರೆಯಾಗಿ ತೋರಿಸುವ ವ್ಯವಸ್ಥೆಯನ್ನು ತೆರೆದಿಡಿ. ಒಟ್ಟು ಬೆಳಕಿನ ಬಿಳಿ ಹಿಸ್ಟೋಗ್ರಾಮ್ ಕೆಂಪಿನ ವಿಷಯದಲ್ಲಿ ನಂಬಲರ್ಹವಲ್ಲ. ಕೆಂಪಿನ ಗುಡ್ಡ ಬಲಗೋಡೆಗೆ ತಾಗಿದರೆ ಮುಕ್ಕಾಲು ಸ್ಟಾಪ್ ಇಳಿಸಿ, ನೆರಳನ್ನು ಆಮೇಲೆ ಎತ್ತಬಹುದು. ವೇಷ ನಿಂತು ಅರ್ಥ ಹೇಳುವಾಗ ಶಟರ್ 1/100ಕ್ಕೆ ತನ್ನಿ, ಧೀಂಗಿಣಕ್ಕೆ (ಸುತ್ತುತ್ತ ಹಾರುವ ಕುಣಿತಕ್ಕೆ) ಮಾತ್ರ ಏರಿಸಿ. ಇನ್ನು ಬಣ್ಣದ ವೇಷದವರ ಅನುಮತಿ ಕೇಳಿ, ಬಣ್ಣ ಮುಗಿದ ಮೇಲೆ ಚೌಕಿಯಲ್ಲಿ ಬೂದು ಕಾರ್ಡನ್ನು ಮುಖದ ಪಕ್ಕದಲ್ಲಿ ಹಿಡಿಸಿ ಒಂದೇ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ವಾರ ಕಳೆದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತಾಗ ಅವರು ಅಂದು ಕಲಸಿದ ಕೆಂಪು ಯಾವುದೆಂದು ನೋಡಲು ಅದು ಬೇಕಾಗುತ್ತದೆ. ಕಾರ್ಡ್ ಇಲ್ಲದಿದ್ದರೆ ನನ್ನಲ್ಲಿ ಎರಡಿವೆ, ಕುಂಬಳೆಗೆ ಬಂದಾಗ ಒಂದನ್ನು ಕೊಂಡುಹೋಗಿ.