ಒಂದೇ ಸೀಸನ್‌ನಲ್ಲಿ 60 ಗೋಲು: ಡಿಕ್ಸಿ ಡೀನ್ ಬಗ್ಗೆ ಕೋಚ್‌ಗೆ ಕೇಳಿದ್ದು

ಪ್ರಶ್ನೆ: ಸರ್, ಇಂಗ್ಲೆಂಡ್‌ನ ಎವರ್ಟನ್ ಫುಟ್‌ಬಾಲ್ ಕ್ಲಬ್‌ನ ಡಿಕ್ಸಿ ಡೀನ್ 1927-28ರಲ್ಲಿ ಲೀಗ್ ಒಂದರಲ್ಲೇ 60 ಗೋಲು ಹೊಡೆದರು ಅಂತ ಓದಿದೆ. 2022-23ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್ 36 ಹೊಡೆದಿದ್ದಕ್ಕೇ ನಾವೆಲ್ಲ ಕುಣಿದಿದ್ದೆವು. ಈ 60 ನಿಜಾನಾ? ಆಗಿನ ಡಿಫೆಂಡರ್‌ಗಳಿಗೆ ಆಟವೇ ಬರುತ್ತಿರಲಿಲ್ಲವಾ?

ಕೋಚ್: ನಿಜ. 42 ಪಂದ್ಯಗಳ ಸೀಸನ್, ಡೀನ್ ಆಡಿದ್ದು 39ರಲ್ಲಿ. ಆದರೆ ನಿಮ್ಮ ಅನುಮಾನದಲ್ಲೂ ಹುರುಳಿದೆ. ಎದುರಾಳಿಗಳನ್ನು ದಾಟಿ ಮುಂದೆ ನಿಂತವನಿಗೆ ಚೆಂಡು ಕೊಟ್ಟರೆ ಆಫ್‌ಸೈಡ್, ಅಂದರೆ ತಪ್ಪು. 1925ರ ತನಕ ಅದನ್ನು ತಪ್ಪಿಸಿಕೊಳ್ಳಬೇಕಾದರೆ ಆಟಗಾರನ ಮುಂದೆ ಗೋಲ್‌ಕೀಪರ್ ಸೇರಿ ಎದುರಾಳಿಗಳು ಮೂವರು ಇರಬೇಕಿತ್ತು. ಒಬ್ಬ ಬ್ಯಾಕ್ (ಹಿಂದೆ ನಿಲ್ಲುವ ಡಿಫೆಂಡರ್) ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ಸೀಟಿ ಬೀಳುತ್ತಿತ್ತು. ಆ ವರ್ಷ ಮೂವರು ಹೋಗಿ ಇಬ್ಬರಾದರು. ಇಂಗ್ಲೆಂಡ್‌ನ ಆಗಿನ ಅತಿ ಮೇಲಿನ ಲೀಗ್ ಫಸ್ಟ್ ಡಿವಿಷನ್‌ನಲ್ಲಿ 1924-25ಕ್ಕೆ ಬಿದ್ದ ಗೋಲು 1,192. ಮರುವರ್ಷ 1,703!

ಸೆಂಟರ್ ಹಾಫ್, ಅಂದರೆ ನಡುಸಾಲಿನ ಮಧ್ಯದ ಆಟಗಾರ, ಆಗ ಹಳೇ ಅಭ್ಯಾಸದಂತೆ ಮೈದಾನದ ನಡುವೆಯೇ ಓಡಾಡಿಕೊಂಡಿರುತ್ತಿದ್ದ. ಅವನನ್ನು ಹಿಂದಕ್ಕೆ ಕರೆದು ಇಬ್ಬರು ಬ್ಯಾಕ್‌ಗಳ ಮಧ್ಯೆ ನಿಲ್ಲಿಸುವುದನ್ನು ಹರ್ಬರ್ಟ್ ಚಾಪ್ಮನ್ ಅವರ ಆರ್ಸೆನಲ್ ಚೆನ್ನಾಗಿ ಮಾಡಿ ತೋರಿಸಿತು. ಉಳಿದ ತಂಡಗಳು ಅದನ್ನು ಕಲಿಯೋಕೆ ಸಮಯ ಹಿಡಿಯಿತು. ಅಲ್ಲಿಯ ತನಕ ಬ್ಯಾಕ್‌ಗಳ ಮಧ್ಯೆ ಖಾಲಿ ಬಿದ್ದಿದ್ದ ಆ ಜಾಗದಲ್ಲೇ ಡೀನ್ ಆಡಿದ್ದು.

ಹಾಗಂತ ನಿಯಮ ಅವರೊಬ್ಬರಿಗಾಗಿ ಬದಲಾಗಿರಲಿಲ್ಲ, ಅಲ್ವಾ? ಹಿಂದಿನ ವರ್ಷ ಮಿಡಲ್ಸ್‌ಬರೊದ ಜಾರ್ಜ್ ಕ್ಯಾಮ್ಸೆಲ್ 59 ಹೊಡೆದಿದ್ದರು, ಅದೂ ಸೆಕೆಂಡ್ ಡಿವಿಷನ್‌ನಲ್ಲಿ. ಇಂಗ್ಲಿಷ್ ಲೀಗ್‌ನಲ್ಲಿ ಡೀನ್ ಅವರ 60 ಅನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ.

ಪ್ರಶ್ನೆ: ಹಾಗಾದರೆ ಅವರಲ್ಲಿ ಅಂಥದ್ದೇನಿತ್ತು ಸರ್?

ಕೋಚ್: ತಲೆ! ತಮಾಷೆಯಲ್ಲ, ಹೆಡರ್‌ಗೇ, ಅಂದರೆ ತಲೆಯಿಂದ ಚೆಂಡು ಹೊಡೆಯುವುದಕ್ಕೇ, ಅವರು ಹೆಸರುವಾಸಿ. ತೀರಾ ಎತ್ತರದ ಆಳೇನೂ ಅಲ್ಲ. ಹೆಡರ್ ಅಂದರೆ ಸುಮ್ನೆ ಎಗರುವುದು ಅಂದುಕೊಂಡಿರುವ ಹುಡುಗರು ಜಾಸ್ತಿ. ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಅಂದಾಜು ಮಾಡಿ, ಆದರೂ ಓಟ ತಡವಾಗಿ ಶುರು ಮಾಡಬೇಕು. ಮೊದಲೇ ಹೋಗಿ ನಿಂತವನಿಗೆ ಜಿಗಿಯಲು ಬಲ ಸಿಗೋದಿಲ್ಲ.

ಜೊತೆಗೆ ಎಡಗಡೆ ಅಲೆಕ್ ಟ್ರೂಪ್ ಅನ್ನೋ ಪುಟ್ಟ ಸ್ಕಾಟಿಷ್ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವರು) ಇದ್ದರು. ಅವರನ್ನು ಬಿಟ್ಟು ಈ ಕತೆ ಹೇಳುವುದು ಅನ್ಯಾಯ. ಕೊನೆಯ ಎರಡು ಪಂದ್ಯ ಉಳಿದಾಗ ಕ್ಯಾಮ್ಸೆಲ್ ದಾಖಲೆ ಮುರಿಯಲು ಡೀನ್‌ಗೆ ಏಳು ಗೋಲು ಬೇಕಿತ್ತು. ಬರ್ನ್ಲಿ ಮೇಲೆ ನಾಲ್ಕು ಬಂದವು. 1928ರ ಮೇ 5, ಎವರ್ಟನ್‌ನ ಆಗಿನ ಮೈದಾನ ಗುಡಿಸನ್ ಪಾರ್ಕ್, ಎದುರಿಗೆ ಅದೇ ಆರ್ಸೆನಲ್. ಶುರುವಿನಲ್ಲೇ ಎರಡು ಹೊಡೆದರು, ಒಂದು ಪೆನಾಲ್ಟಿ. ಆಮೇಲೆ ಏನೂ ಇಲ್ಲ, ಏನೂ ಇಲ್ಲ. ಆಟ ಮುಗಿಯುತ್ತಾ ಬಂದಾಗ ಟ್ರೂಪ್ ಕಾರ್ನರ್ ಎತ್ತಿದರು, ಡೀನ್ ತಲೆ ಕೊಟ್ಟರು. ಅರವತ್ತು. ಪಂದ್ಯ 3-3. ಎವರ್ಟನ್ ಲೀಗ್ ಮೊದಲೇ ಗೆದ್ದಾಗಿತ್ತು.

ಪ್ರಶ್ನೆ: ಅದಕ್ಕೂ ಮೊದಲು ಬೈಕ್ ಅಪಘಾತ ಆಗಿತ್ತಂತೆ?

ಕೋಚ್: ಹೌದು, 1926ರಲ್ಲಿ, ಉತ್ತರ ವೇಲ್ಸ್‌ನ ಹೋಲಿವೆಲ್ ಹತ್ತಿರ. ತಲೆಬುರುಡೆ, ದವಡೆ ಎರಡೂ ಮುರಿದವು. ಇನ್ನು ಆಡುವುದು ಅನುಮಾನ ಅಂದಿದ್ದರು ಡಾಕ್ಟರು. ಕೆಲವೇ ತಿಂಗಳಲ್ಲಿ ವಾಪಸ್ ಬಂದು ಅದೇ ತಲೆಯಲ್ಲಿ ಗೋಲು ಹೊಡೆದರು ಪುಣ್ಯಾತ್ಮ.

ಹುಟ್ಟಿದ್ದು 1907ರಲ್ಲಿ, ಬರ್ಕನ್‌ಹೆಡ್‌ನಲ್ಲಿ. ಮೊದಲು ಟ್ರಾನ್ಮಿಯರ್ ಕ್ಲಬ್, 1925ರಲ್ಲಿ 3,000 ಪೌಂಡ್‌ಗೆ ಎವರ್ಟನ್. ಅಲ್ಲಿ ಒಟ್ಟು 433 ಪಂದ್ಯ, 383 ಗೋಲು. ಇಂಗ್ಲೆಂಡ್‌ಗೆ 16 ಪಂದ್ಯದಲ್ಲಿ 18. ಇಂಥವರಿಗೆ ಹದಿನಾರೇ ಪಂದ್ಯ ಕೊಟ್ಟಿದ್ದು ನನಗಂತೂ ಅರ್ಥವಾಗಿಲ್ಲ. ಸಂಬಳ? ಆಗ ಆಟಗಾರರಿಗೆ ವಾರಕ್ಕೆ 8 ಪೌಂಡ್ ಮೇಲೆ ಕೊಡುವಂತಿರಲಿಲ್ಲ, 60 ಹೊಡೆದರೂ ಅಷ್ಟೇ. ಹಾಗಾಗಿ ಆಟ ಬಿಟ್ಟ ಮೇಲೆ ಚೆಸ್ಟರ್‌ನಲ್ಲಿ ಪಬ್ ನಡೆಸಿದರು, ಆಮೇಲೆ ಲಿಟಲ್‌ವುಡ್ಸ್ ಕಂಪನಿಯಲ್ಲಿ ಕೆಲಸ ಮಾಡಿದರು. 1976ರಲ್ಲಿ ಬಲಗಾಲು ತೆಗೆಯಬೇಕಾಯಿತು. 1980ರ ಮಾರ್ಚ್ 1ರಂದು ಗುಡಿಸನ್‌ನಲ್ಲೇ ಎವರ್ಟನ್-ಲಿವರ್‌ಪೂಲ್ ಪಂದ್ಯ ನೋಡುತ್ತಾ ತೀರಿಕೊಂಡರು.

ಪ್ರಶ್ನೆ: ಸರ್, ನನ್ನ ಮಗನಿಗೆ ಹತ್ತು ವರ್ಷ, ಸ್ಟ್ರೈಕರ್. ಇದನ್ನು ಓದಿ ಹೇಳಿದೆ, ಈಗ ದಿನಾ ಹೆಡರ್ ಪ್ರಾಕ್ಟೀಸ್ ಮಾಡಿಸಿ ಅಂತ ಹಟ.

ಕೋಚ್: ಖಂಡಿತ ಬೇಡ ಮೇಡಂ. ಡೀನ್ ಕಾಲದ ಚರ್ಮದ ಚೆಂಡು ಮಳೆಗೆ ನೀರು ಕುಡಿದು ಕಲ್ಲಾಗುತ್ತಿತ್ತು. ಈಗಿನದು ಹಗುರ ನಿಜ, ಆದರೂ ಮಕ್ಕಳ ಕತ್ತು ಇನ್ನೂ ಗಟ್ಟಿಯಾಗಿರುವುದಿಲ್ಲ. ಸ್ಕಾಟ್ಲೆಂಡ್‌ನ ಹಳೇ ವೃತ್ತಿಪರ ಆಟಗಾರರಲ್ಲಿ ಮೆದುಳು ಸವೆಯುವ ಕಾಯಿಲೆಗಳಿಂದ ಸಾವು ಸಾಮಾನ್ಯ ಜನರಿಗಿಂತ ಮೂರೂವರೆ ಪಟ್ಟು ಜಾಸ್ತಿ ಅಂತ 2019ರಲ್ಲಿ ಗ್ಲಾಸ್ಗೋ ಸಂಶೋಧಕರು ಕಂಡುಕೊಂಡರು. ಮರುವರ್ಷವೇ ಇಂಗ್ಲೆಂಡ್‌ನಲ್ಲಿ ಪ್ರೈಮರಿ ಶಾಲೆ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡರ್ ಬೇಡ ಅಂತ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಸೂಚನೆ ಕೊಟ್ಟಿತು. ನಾನೂ ಅದನ್ನೇ ಪಾಲಿಸುತ್ತೇನೆ. ತಡವಾಗಿ ಓಡುವುದನ್ನು ಕಾಲಲ್ಲೇ ಕಲಿಯಲಿ. ಅಂದ ಹಾಗೆ ಅವನ ಎಡಗಾಲು ಹೇಗಿದೆ?