ಕೆಂಪು ಕಲ್ಲಿನ ಬಚ್ಚಲಿಗೆ ಪಿವಿಸಿ ಪ್ಯಾನೆಲ್ ಹೊಡೆಸಬಹುದಾ? ಬೀದರ್, ಹಳೆ ಮನೆ

ಚೌಬಾರಾ ಸೊಸೆ

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಮ್ಮ ಮನೆ ಬೀದರ್ ಹಳೆ ಊರಲ್ಲಿದೆ, ಚೌಬಾರಾ ಗೋಪುರದಿಂದ ಎರಡು ಗಲ್ಲಿ ಒಳಗೆ. ಮಾವನವರ ಅಪ್ಪ ಕಟ್ಟಿಸಿದ್ದು. ಕೆಂಪು ಕಲ್ಲಿನ ಗೋಡೆ, ಎರಡಡಿ ದಪ್ಪ. ಬಚ್ಚಲು ಅಂಗಳದ ಮೂಲೆಯಲ್ಲಿದೆ, 5 ಅಡಿ ಅಗಲ, 7 ಅಡಿ ಉದ್ದ. ನಾನು ಮದುವೆಯಾಗಿ ಬಂದಾಗ ಗೋಡೆಗೆ ಬರೀ ಸುಣ್ಣ, ಕೆಳಗೆ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು. ಚಂದ ಇರಲಿಲ್ಲ, ಆದರೆ ತೊಂದರೆಯೂ ಇರಲಿಲ್ಲ. 2009ರಲ್ಲಿ ನಾನೇ ಹಟ ಹಿಡಿದು ಸಿಮೆಂಟ್ ಗಿಲಾವು ಮಾಡಿಸಿ ಟೈಲ್ಸ್ ಹಾಕಿಸಿದೆ. ಅತ್ತೆ ಇವತ್ತಿಗೂ ಅದನ್ನು ನೆನಪಿಸುತ್ತಾರೆ.

ಅಲ್ಲಿಂದ ಮೂರು ಸಲ ಟೈಲ್ಸ್ ಬಿದ್ದಿವೆ. ಮೊದಲ ಸಲ ಎರಡು, ಎರಡನೇ ಸಲ ಒಂದು ಸಾಲು. ಹೋದ ತಿಂಗಳು ಅತ್ತೆ ಸ್ನಾನಕ್ಕೆ ಕೂತಿದ್ದಾಗ ನಾಲ್ಕು ಒಟ್ಟಿಗೆ ಬಂದು ಬಕೀಟಿಗೆ ಬಿದ್ದವು. ಅವರಿಗೆ 74 ವರ್ಷ. ಕಾಲ ಮೇಲೆ ಬಿದ್ದಿದ್ದರೆ? ಬಿದ್ದ ಟೈಲ್ಸ್ ತಿರುಗಿಸಿ ನೋಡಿದೆ. ಸಿಮೆಂಟ್ ಟೈಲ್ಸ್‌ಗೆ ಗಟ್ಟಿಯಾಗಿ ಅಂಟಿಕೊಂಡೇ ಇದೆ. ಅದರ ಬೆನ್ನಿಗೆ ಕೆಂಪು ಪುಡಿ, ನಡುನಡುವೆ ಮೈದಾ ಉದುರಿಸಿದ ಹಾಗೆ ಬಿಳಿ ಉಪ್ಪು.

ಮತ್ತೆ ಟೈಲ್ಸ್ ಬೇಡ ಅಂತ ಪ್ಯಾನೆಲ್ ಅಂಗಡಿಗೆ ಹೋದೆವು. ಹತ್ತು ಇಂಚು ಅಗಲದ ಟೊಳ್ಳು ಪಿವಿಸಿ ಹಲಗೆ, ಒಂದಕ್ಕೊಂದು ಸಿಕ್ಕಿಸಿಕೊಂಡು ಹೋಗುವಂಥದ್ದು. ಮಾರ್ಬಲ್ ಡಿಸೈನ್ ನೋಡಿ ನಮ್ಮ ಮನೆಯವರು ಅಲ್ಲೇ ಕರಗಿಹೋದರು. ಫಿಟ್ಟಿಂಗ್ ಸೇರಿ ಚದರ ಅಡಿಗೆ 110 ರೂಪಾಯಿ. ನಮ್ಮದು ಬಾಗಿಲು ಬಿಟ್ಟು 164 ಚದರ ಅಡಿ, ಅಂದರೆ ಹದಿನೆಂಟು ಸಾವಿರ. "ಏನೂ ಒಡೆಯೋದು ಬೇಡ ಅಕ್ಕಾ, ಕಟ್ಟಿಗೆ ಪಟ್ಟಿ ಹೊಡೆದು ಅದರ ಮ್ಯಾಲೆ ಕೂಡಿಸ್ತೀವಿ, ಸಂಜಿಗಿ ಸ್ನಾನ ಮಾಡ್ರಿ" ಅಂದರು.

ಕೇಳೋಕೆ ಸಕ್ಕರೆ. ಆದರೆ ಯಾಕೋ ಅನುಮಾನ. ಬಚ್ಚಲಲ್ಲಿ ಇರುವುದು ಒಂದು ನಳ, ಯಾರೂ ಬಳಸದ ಒಂದು ಶವರ್, ಮೂಲೆಯಲ್ಲಿ ಅತ್ತೆ ನೀರು ಕಾಯಿಸುವ ತಾಮ್ರದ ಬಂಬು. ಅತ್ತೆ ಹಿಡಿದುಕೊಂಡು ಏಳಲು ಒಂದು ಹಿಡಿಕೆಯನ್ನೂ ಗೋಡೆಗೆ ಹಾಕಿಸಬೇಕು. ಹೊಡೆಸಿದವರು ಯಾರಾದರೂ ಇದ್ದೀರಾ?

ಎಪಾಕ್ಸಿ ಪ್ರೇಮಿ

ಸುಮ್ನೆ ಸಂದಿಗೆ ನೀರು ಇಳಿಯದ ಎಪಾಕ್ಸಿ ಗ್ರೌಟ್ ತುಂಬಿ ಟೈಲ್ಸೇ ಕೂಡಿಸಿ ಮೇಡಂ. ಹತ್ತು ವರ್ಷ ಅಲುಗಲ್ಲ.

ಗೌಂಡಿ ಮಗ, ಹುಮನಾಬಾದ್

ಮೇಲಿನ ಅಣ್ಣನವರು ಪ್ರಶ್ನೆ ಪೂರ್ತಿ ಓದಿಲ್ಲ ಅನಿಸುತ್ತದೆ. ಅಕ್ಕ ಟೈಲ್ಸ್ ತಿರುಗಿಸಿ ನೋಡಿದ್ದಾರಲ್ಲ, ರೋಗ ಅಲ್ಲೇ ಇದೆ. ಟೈಲ್ಸ್ ಬಿಟ್ಟಿಲ್ಲ, ಸಿಮೆಂಟ್ ಬಿಟ್ಟಿಲ್ಲ. ಬಿಟ್ಟಿದ್ದು ಕಲ್ಲಿನ ಮೈ.

ಬೀದರ್‌ನ ಕೆಂಪು ಕಲ್ಲು ನೀರು ಕುಡಿಯುವ ಕಲ್ಲು. ನೌಬಾದ್ ಸುರಂಗ ಬಾವಿ ನೋಡಿದ್ದೀರಲ್ವಾ? ಬಹಮನಿ ಕಾಲದವರು ಅಲ್ಲಿ ಸುರಂಗ ತೋಡಿದ್ದೇ ಈ ಗುಣ ನೋಡಿ. ಮಳೆ ನೀರು ಕೆಂಪು ಕಲ್ಲಿನೊಳಗೆ ಇಳಿಯುತ್ತಾ ಹೋಗಿ ಕೆಳಗಿನ ಕರಿ ಕಲ್ಲಿಗೆ ತಾಗಿ ನಿಲ್ಲುತ್ತದೆ, ಅಲ್ಲಿಂದ ಸುರಂಗಕ್ಕೆ ಜಿನುಗುತ್ತದೆ. ಬಾವಿಗೆ ಅದು ವರ. ನಿಮ್ಮ ಬಚ್ಚಲು ಗೋಡೆಯೂ ಅದೇ ಕಲ್ಲು, ಅದೇ ಬುದ್ಧಿ. ನೆಲದಿಂದ ನೀರು ಎಳೆದುಕೊಳ್ಳುತ್ತದೆ. ಸುಣ್ಣ ಇದ್ದಾಗ ಅದು ಗೋಡೆ ಮೈಯಿಂದ ಆರಿ ಹೋಗುತ್ತಿತ್ತು. ಮೇಲೆ ಸಿಮೆಂಟ್, ಅದರ ಮೇಲೆ ಟೈಲ್ಸ್ ಬಂದ ಮೇಲೆ ದಾರಿ ಬಂದ್. ನೀರು ಉಪ್ಪನ್ನು ಹೊತ್ತು ತಂದು ಸಿಮೆಂಟಿನ ಹಿಂದೆ ಬಿಡುತ್ತದೆ. ಉಪ್ಪು ಹರಳುಗಟ್ಟಿದಾಗ ಉಬ್ಬುತ್ತದೆ, ಕಲ್ಲಿನ ಮೈ ಪುಡಿಯಾಗುತ್ತದೆ.

ಇದರ ಮೇಲೆ ಪ್ಯಾನೆಲ್ ಹೊಡೆದರೆ ಏನಾಗುತ್ತದೆ? ಮುಂದಿನಿಂದ ಫಳಫಳ. ಹಿಂದೆ ಕಟ್ಟಿಗೆ ಪಟ್ಟಿಗೆ ಗೆದ್ದಲು, ಸಂದಿಯಲ್ಲಿ ಜಿರಳೆ. ಉಳಿದ ಟೈಲ್ಸ್ ಪ್ಯಾನೆಲ್ ಹಿಂದೆಯೇ ಕಳಚಿ ಬೀಳುತ್ತವೆ, ಸಪ್ಪಳ ಮಾತ್ರ ಕೇಳಿಸುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೂ ಅಷ್ಟೆ. ಹಿಂದಿನಿಂದ ಬರುವ ಹಸಿ ಅದನ್ನು ಬೊಕ್ಕೆಯ ಹಾಗೆ ಎಬ್ಬಿಸುತ್ತದೆ.

ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ಇರುತ್ತದಲ್ಲ, ಅದನ್ನು ಎರಡಡಿ ಚೌಕ ಕತ್ತರಿಸಿ. ಟೈಲ್ಸ್ ಬಿದ್ದ ಜಾಗ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಆ ಎರಡು ದಿನ ಅಲ್ಲಿ ಸ್ನಾನ ಬೇಡ. ಹನಿ ಪ್ಲಾಸ್ಟಿಕ್ ಹಿಂದೆ ಕೂತರೆ ಗೋಡೆಯ ನೀರು. ಮುಂದೆ ಕೂತರೆ ಗಾಳಿಯ ಹಸಿ, ಅದಕ್ಕೆ ಕಿಟಕಿ ಸಾಕು. ನಾಲ್ಕೂ ಗೋಡೆಗೆ ಬೇರೆ ಬೇರೆ ಮಾಡಿ.

ಇನ್ನೊಂದು ಮಾತು. ಟೈಲ್ಸ್ ತೊಳೆಯಲು ಆಸಿಡ್ ಹಾಕ್ತೀರಾ?

ಚೌಬಾರಾ ಸೊಸೆ

ಅಯ್ಯೋ, ಹಾಕ್ತೀವಿ ಅಣ್ಣಾ. ಬೋರ್ ನೀರು, ಬಿಳಿ ಕಲೆ ಬೇರೆ ಯಾವುದಕ್ಕೂ ಹೋಗಲ್ಲ. ಪ್ರತಿ ಅಮಾವಾಸ್ಯೆಗೆ ಒಂದು ಬಾಟಲಿ.

ಗೌಂಡಿ ಮಗ, ಹುಮನಾಬಾದ್

ಆಸಿಡ್ ಕಲೆಯನ್ನೂ ತಿನ್ನುತ್ತದೆ, ಸಂದಿಯ ಸಿಮೆಂಟನ್ನೂ ತಿನ್ನುತ್ತದೆ, ಹಿಂದೆ ಸುಣ್ಣದ ಗಚ್ಚು ಇದ್ದರೆ ಅದನ್ನೂ ಬಿಡುವುದಿಲ್ಲ. ನಿಲ್ಲಿಸಿ. ಸ್ನಾನ ಆದ ಮೇಲೆ ಒಂದು ಬಟ್ಟೆಯಲ್ಲಿ ಗೋಡೆ ಒರೆಸಿದರೆ ಕಲೆಯೇ ಕೂರಲ್ಲ.

ಭಾಲ್ಕಿ ಟು ಕೊಚ್ಚಿ

ಅಕ್ಕಾ, ನಾನು ಭಾಲ್ಕಿಯವನು. ಕೊಚ್ಚಿಯಲ್ಲಿ ಬೋಟ್ ಒಳಗಿನ ಫಿಟ್ಟಿಂಗ್ ಕೆಲಸ ಮಾಡುತ್ತೇನೆ. ಭಾಲ್ಕಿಯವನಿಗೂ ಬೋಟಿಗೂ ಏನು ಸಂಬಂಧ ಅಂತ ಇಲ್ಲಿಯವರೂ ಕೇಳ್ತಾರೆ, ಅದು ಬೇರೆ ಕಥೆ. ಬೋಟಿನ ಬಚ್ಚಲಿಗೆ ನಾವು ಹಾಕುವುದೇ ಪ್ಯಾನೆಲ್. ಅದಕ್ಕೇ ಬರೆಯುತ್ತಿದ್ದೇನೆ.

ಬೋಟಲ್ಲಿ ಟೈಲ್ಸ್ ಯಾಕೆ ಹಾಕಲ್ಲ ಅಂದರೆ, ಒಂದು ತೂಕ. ಒಂದು ಚದರ ಮೀಟರ್ ಟೈಲ್ಸ್ ಹದಿನೈದು ಕಿಲೋ ದಾಟುತ್ತದೆ, ಟೊಳ್ಳು ಪ್ಯಾನೆಲ್ ಎರಡು ಮೂರು ಕಿಲೋ. ಎರಡನೆಯದು, ಅಲೆಗೆ ಬೋಟಿನ ಮೈ ಬಾಗುತ್ತದೆ, ಟೈಲ್ಸ್ ಬಾಗಲ್ಲ. ಹಾಗಾಗಿ ಪ್ಯಾನೆಲ್, ಸಂದಿಗೆ ರಬ್ಬರ್ ಹಾಗೆ ಎಳೆದರೆ ಎಳೆಯುವ ಪಾಲಿಯುರೆಥೇನ್ ಸೀಲಂಟ್. ಸ್ನಾನದ ತಟ್ಟೆ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಬಳಸಿದ ನೀರು ತಾನಾಗಿ ಹರಿದು ಹೋಗಲ್ಲ. ಒಂದು ಡಬ್ಬಿಗೆ ಇಳಿಸಿ ಪಂಪ್‌ನಿಂದ ಆಚೆ ಹಾಕುತ್ತೇವೆ. ನಿಮಗೆ ಆ ಕಷ್ಟ ಇಲ್ಲ, ಐದಡಿಗೆ ಒಂದಿಂಚು ಇಳಿಜಾರು ಕೊಟ್ಟರೆ ನೆಲದ ಜಾಲರಿ ಕೆಳಗಿನ ನಾನಿ ಟ್ರ್ಯಾಪ್‌ಗೆ ಹೋಗುತ್ತದೆ.

ಆದರೆ ಬೋಟಲ್ಲೂ ಪ್ಯಾನೆಲ್ ಹಿಂದೆಯೇ ಕಾಟ. ಬೋಟಿನ ಮೈ ತಣ್ಣಗೆ, ಒಳಗೆ ಬಿಸಿ ಹಬೆ. ಹಿಂದೆ ಗಾಳಿ ಆಡದಿದ್ದರೆ ಬೂಸು. ಪ್ಯಾನೆಲ್ ಬಿಚ್ಚಿದಾಗ ಬರುವ ವಾಸನೆ ಇದೆಯಲ್ಲ, ಊಟ ಸೇರಲ್ಲ ಅವತ್ತು. ಗೋಡೆ ಒಣಗಿದ ಮೇಲೆ ಹೊಡೆಸುವುದಾದರೆ ಇಷ್ಟು ನೋಡಿಕೊಳ್ಳಿ.

ಕಟ್ಟಿಗೆ ಪಟ್ಟಿ ಬೇಡ, ಅಲ್ಯೂಮಿನಿಯಂ ಅಥವಾ ಪಿವಿಸಿ ಪಟ್ಟಿ ಕೇಳಿ. ಪ್ಯಾನೆಲ್ ನೆಟ್ಟಗೆ ನಿಲ್ಲುವುದರಿಂದ ಪಟ್ಟಿ ಅಡ್ಡ ಬರುತ್ತದೆ. ಅದನ್ನು ಗೋಡೆ ತುಂಬ ಒಂದೇ ಉದ್ದ ಹೊಡೆಯಬಾರದು, ಅಲ್ಲಲ್ಲಿ ಬಿಡುವು ಬಿಡಬೇಕು. ಇಲ್ಲದಿದ್ದರೆ ಗಾಳಿ ಮೇಲೆ ಹೋಗಲ್ಲ. ಮೇಲ್ಗಡೆ ಅಂಚನ್ನು ಸೀಲ್ ಮಾಡಬೇಡಿ, 5 ಮಿಲಿಮೀಟರ್ ಬಿಡಿ. ಅದರಿಂದ ಗಾಳಿಯೂ ಆಡುತ್ತದೆ, ಬೇಸಿಗೆಯಲ್ಲಿ ಹಿಗ್ಗಲು ಜಾಗವೂ ಸಿಗುತ್ತದೆ. ಪಿವಿಸಿ ಸಿಕ್ಕಾಪಟ್ಟೆ ಹಿಗ್ಗುತ್ತದೆ. ಏಳೂವರೆ ಅಡಿ ಪ್ಯಾನೆಲ್ ಚಳಿಗಾಲಕ್ಕೂ ಮೇ ತಿಂಗಳಿಗೂ ನಾಲ್ಕು ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತದೆ. ಜಾಗ ಇಲ್ಲದಿದ್ದರೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಕೆಳಗಿನ ಅಂಚು, ಮೂಲೆ, ನಳಕ್ಕೆ ಕೊರೆದ ತೂತು, ಇವಕ್ಕೆಲ್ಲ ಬೂಸು ಹಿಡಿಯದ ನ್ಯೂಟ್ರಲ್ ಸಿಲಿಕಾನ್. ಅಗ್ಗದ ಸಿಲಿಕಾನ್ ವಿನೆಗರ್ ವಾಸನೆ ಬರುತ್ತದೆ, ಸಿಮೆಂಟಿಗೂ ಲೋಹಕ್ಕೂ ಅದು ಆಗಿಬರಲ್ಲ. ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ. "ಸಂಜಿಗಿ ಸ್ನಾನ" ಅನ್ನುವುದು ಅಂಗಡಿ ಮಾತು.

ಹಿಡಿಕೆ ವಿಷಯ ಮುಖ್ಯ. ಟೊಳ್ಳು ಪ್ಯಾನೆಲ್‌ಗೆ ಸ್ಕ್ರೂ ಹಾಕಿದರೆ ಅಮ್ಮನವರ ಭಾರಕ್ಕೆ ಕಿತ್ತು ಬರುತ್ತದೆ. ಬೋಟಲ್ಲಿ ಹಿಡಿಕೆ ಬರುವ ಜಾಗದ ಹಿಂದೆ ಮೊದಲೇ ಗಟ್ಟಿ ಹಲಗೆ ಕೂಡಿಸುತ್ತೇವೆ. ನೀವು ಅಲ್ಲಿ ಅಲ್ಯೂಮಿನಿಯಂ ತುಂಡು ಕೂಡಿಸಿ, ಬೋಲ್ಟ್ ಕಲ್ಲಿನೊಳಗೆ ಐದಾರು ಇಂಚು ಹೋಗಲಿ. ಕೆಂಪು ಕಲ್ಲು ಮೆತ್ತಗೆ, ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಗಿಡ್ಡ ರಾವಲ್ ಪ್ಲಗ್ ನಿಲ್ಲಲ್ಲ. ಬೋಲ್ಟನ್ನು ತೂತಿನೊಳಗೆ ಅಂಟಿನಿಂದ ಕೂಡಿಸುವ ಕೆಮಿಕಲ್ ಆಂಕರ್ ಆದರೆ ಚೊಲೋ. ಪ್ಯಾನೆಲ್ ಮುಚ್ಚುವ ಮೊದಲೇ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ಜಗತ್ ಸರ್ಕಲ್, ಕಲಬುರಗಿ

ಎಲ್ಲರೂ ಬಂಬು ಮರೆತಿರಾ? ಅಕ್ಕ ಅದನ್ನು ನಡುವೆ ಸುಮ್ನೆ ಹೇಳಿ ಹೋಗಿದ್ದಾರೆ. ಕಟ್ಟಿಗೆ ಉರಿಸುವ ಬಂಬಾದರೆ ಪ್ಯಾನೆಲ್ ಕಥೆ ಮುಗೀತು. ಪಿವಿಸಿ 75, 80 ಡಿಗ್ರಿಗೆ ಮೆತ್ತಗಾಗುತ್ತದೆ. ನಮ್ಮ ತಮ್ಮನ ಮನೆಯಲ್ಲಿ ಹೊಗೆ ಕೊಳವೆಯಿಂದ ಒಂದು ಗೇಣು ದೂರ ಇತ್ತು. ಒಂದೇ ಚಳಿಗಾಲಕ್ಕೆ ಆ ಮೂಲೆ ಹಪ್ಪಳದ ಹಾಗೆ ಸುರುಳಿ. ಬೆಂಕಿ ತಾಗಿದರೆ ಅದರ ಹೊಗೆಯೂ ಕೆಟ್ಟದ್ದು. ಬಂಬು ಇರಬೇಕು ಇಲ್ಲ ಪ್ಯಾನೆಲ್ ಇರಬೇಕು.

ಚೌಬಾರಾ ಸೊಸೆ

ಕಟ್ಟಿಗೆಯದೇ ಅಣ್ಣಾ. ಗೀಸರ್ ನೀರಿಗೆ ಮೈ ಕಾಯಲ್ಲ ಅಂತಾರೆ ಅತ್ತೆ. "ಬಂಬ್ ಹೊರಗ ಹಾಕ್ತೀಯಂದ್ರ ನನ್ನನ್ನೂ ಹೊರಗ ಹಾಕು" ಅಂದಿದ್ದಾರೆ. ನೋಡೋಣ.

ಚೌಬಾರಾ ಸೊಸೆ

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು.

ಪ್ಲಾಸ್ಟಿಕ್ ಪರೀಕ್ಷೆ ನಾಲ್ಕೂ ಗೋಡೆಗೆ ಮಾಡಿದೆ. ಮೂರು ಗೋಡೆಯಲ್ಲಿ ಅಂಥದ್ದೇನಿಲ್ಲ. ಪಕ್ಕದ ಮನೆಗೆ ಅಂಟಿದ ಗೋಡೆಯಲ್ಲಿ ಮಾತ್ರ ಎರಡನೇ ದಿನ ಬೆಳಗ್ಗೆ ಪ್ಲಾಸ್ಟಿಕ್ ಹಿಂದೆ ಸಾಲುಸಾಲು ಹನಿ. ಆ ಕಡೆ ಹೋಗಿ ನೋಡಿದರೆ ಅವರು ಬಟ್ಟೆ ಒಗೆಯುವ ಕಲ್ಲು ಸರಿಯಾಗಿ ನಮ್ಮ ಗೋಡೆ ಬುಡದಲ್ಲಿದೆ! ಮೋರಿ ಒಡೆದು ನೀರೆಲ್ಲ ಬುಡಕ್ಕೇ ಇಂಗುತ್ತಿತ್ತು. ಎಷ್ಟು ವರ್ಷದಿಂದಲೋ ಏನೋ. ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಪಕ್ಕದ ಮನೆ ಖಾಲಾ ಚಹಾ ಕೊಟ್ಟು, ಮರುದಿನವೇ ಗೌಂಡಿಯನ್ನು ಕರೆಸಿದರು. ಮೋರಿಯ ಅರ್ಧ ಖರ್ಚು ನಾವು ಕೊಟ್ಟೆವು.

ಆಮೇಲೆ ಟೈಲ್ಸ್, ಸಿಮೆಂಟ್ ಎಲ್ಲ ಕೆಡವಿಸಿದೆ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿಸಿದೆ, ನೀರು ಹಾಕಿ ತೊಳೆಯಲು ಬಿಡಲಿಲ್ಲ. ಏಪ್ರಿಲ್, ಮೇ ಪೂರ್ತಿ ಗೋಡೆ ಬರಿಮೈಯಲ್ಲಿ ಒಣಗಿತು. ನಾವು ಅಂಗಳದಲ್ಲಿ ತಗಡು ಮರೆ ಮಾಡಿಕೊಂಡು ಸ್ನಾನ ಮಾಡಿದೆವು. ಮಗಳು ಆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ಸುಣ್ಣದ ಗಿಲಾವು ಮಾಡುವ ಗೌಂಡಿ ಸಿಗುವುದೇ ಕಷ್ಟವಾಯಿತು. ಕೇಳಿದವರೆಲ್ಲ "ಸಿಮೆಂಟೇ ಹೊಡೀತೀನಿ ಬಿಡ್ರಿ" ಅನ್ನುವವರೇ. ಕೊನೆಗೆ ಸಿಕ್ಕ ಅಜ್ಜ ಒಬ್ಬರು ನಿಧಾನ, ಆದರೆ ಕೈ ಚೆನ್ನಾಗಿದೆ. ನೆಲಕ್ಕೆ ಪರಸಿ ಮತ್ತೆ ಕೂಡಿಸುವ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಅದನ್ನೇ ಗೋಡೆ ಮೇಲೆ ಒಂದಡಿ ಹತ್ತಿಸಿದೆವು.

ಪ್ಯಾನೆಲ್ ಎರಡೇ ಗೋಡೆಗೆ, ನೀರು ಸಿಡಿಯುವ ಕಡೆ. ಅಲ್ಯೂಮಿನಿಯಂ ಪಟ್ಟಿ, ಮೇಲೆ ಬೆರಳ ಉಗುರಿನಷ್ಟು ಸಂದಿ. ಅಂಗಡಿಯವರು ಸಂದಿ ನೋಡಿ "ಚಂದ ಕಾಣಲ್ಲ ಅಕ್ಕಾ" ಅಂತ ಮುಚ್ಚಲು ಹೋದರು, ನಿಂತು ಬಿಡಿಸಿದೆ. ಖಾಲಾ ಮನೆ ಕಡೆಯ ಗೋಡೆಗೆ ಬರೀ ಸುಣ್ಣ. ಇನ್ನೂ ಒಂದು ಮಳೆಗಾಲ ಅದನ್ನು ನೋಡಬೇಕು. ಬಂಬಿನ ಗೋಡೆಗೆ ಮೂರಡಿ ಎತ್ತರ ಪರಸಿ, ಮೇಲೆ ಸುಣ್ಣ. ಹೌದು, ಬಂಬು ಅಲ್ಲೇ ಇದೆ.

ಹಿಡಿಕೆಗೆ ಭಾಲ್ಕಿ ತಮ್ಮ ಹೇಳಿದ ಹಾಗೇ ಮಾಡಿಸಿದೆ. ಮೊದಲು ನಮ್ಮ ಮನೆಯವರನ್ನು ಜೋತುಬೀಳಿಸಿ ನೋಡಿದೆ, 82 ಕಿಲೋ ತಡೆಯಿತು. ಅತ್ತೆ ಮೊದಲ ದಿನ ಪ್ಯಾನೆಲ್ ಮೇಲೆ ಗೆಣ್ಣಿನಿಂದ ಬಡಿದು ನೋಡಿದರು. "ಡಬ್ಬಿ ಸಪ್ಪಳ ಬರ್ತದಲ್ಲವಾ" ಅಂದರು. ಆಮೇಲೆ ಸುಣ್ಣದ ಗೋಡೆಗೆ ಬೆನ್ನು ಕೊಟ್ಟು ಕೂತು ಸ್ನಾನ ಮಾಡಿದರು. ಸೀರೆಗೆ ಸುಣ್ಣ ಹತ್ತಿದ್ದಕ್ಕೂ ನನ್ನನ್ನೇ ಬೈದರು.

ಭಾಲ್ಕಿ ಟು ಕೊಚ್ಚಿ

82 ಕಿಲೋ ತಡೆದರೆ ಪಾಸ್. ಸುಣ್ಣಕ್ಕೆ ಕೊನೆ ಕೋಟ್‌ನಲ್ಲಿ ಸ್ವಲ್ಪ ಗೋಂದು ಕಲಸಿ ಬಳಿಯಿರಿ ಅಕ್ಕಾ, ಸೀರೆಗೆ ಹತ್ತಲ್ಲ.